ಹಿಂದಿನ ಗಾಲಿಯ ಎರಡು ಕಲ್ಲು

ನಮ್ಮ ಡ್ರೈವರಣ್ಣನ ಎಡಗಾಲಿನ ಹಿಮ್ಮಡಿ ಅಗಲವಾಗಿತ್ತು, ಸುತ್ತಲೂ ಬಿರುಕು. ಬಸ್ಸು ನಿಲ್ಲಿಸುವ ಜಾಗ ಬಂದರೆ ಚಪ್ಪಲಿ ಬಿಟ್ಟು ಇಳಿಯುತ್ತಿದ್ದರು. ನೆಲ ಗಟ್ಟಿಯೋ, ಸಮವೋ ಎಂದು ಆ ಹಿಮ್ಮಡಿಯನ್ನು ಒತ್ತಿ ನೋಡುತ್ತ, ಕಣ್ಣು ಅರೆಮುಚ್ಚಿ, ಗಾಲಿಗಳು ನಿಲ್ಲುವ ಕಡೆಯೆಲ್ಲ ನಡೆದು ಬರುತ್ತಿದ್ದರು. ದೂರದಿಂದ ನೋಡಿದರೆ ನಿದ್ದೆಯಲ್ಲಿ ನಡೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ಎಂಬತ್ತರ ದಶಕದಲ್ಲಿ ನಾನು ಹಿಂದೂಪುರದ ಒಂದು ಧರ್ಮಾಸ್ಪತ್ರೆಯಲ್ಲಿ ನರ್ಸಾಗಿದ್ದೆ. ಕಣ್ಣಿನ ಕ್ಯಾಂಪುಗಳಿಗೆಂದು ಹಳೆಯ ಬಸ್ಸೊಂದರ ಸೀಟು ಕಿತ್ತು, ಎರಡು ಮಂಚ, ನೀರಿನ ಟ್ಯಾಂಕು, ಸೀಮೆಎಣ್ಣೆ ಸ್ಟೌ ಇಟ್ಟು ಅದನ್ನೊಂದು ಮನೆ ಮಾಡಿದ್ದರು. ತಿಂಗಳಲ್ಲಿ ಇಪ್ಪತ್ತು ದಿನ ನಾನೂ ನಮ್ಮ ಆಯಾನೂ ಅದರಲ್ಲೇ. ಮನೆಯನ್ನು ನಡೆಸುತ್ತಿದ್ದವರು ಡ್ರೈವರಣ್ಣ. ಮದುವೆಯಾಗಿರಲಿಲ್ಲ, ಊರಲ್ಲಿ ಒಂದು ಕೋಣೆಯೂ ಇರಲಿಲ್ಲ. ಮಲಗುವುದು ಬಸ್ಸಿನ ಮೇಲೆ, ಬಟ್ಟೆ ಒಣಗುವುದು ಬಸ್ಸಿನ ಏಣಿಯಲ್ಲಿ.

ಪೆನುಕೊಂಡದ ಬೆಟ್ಟ ಕಿಟಕಿಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಮಂಚದ ಮೇಲೆ ನನಗೆ ಜೊಂಪು. ಕಣ್ಣು ಬಿಟ್ಟರೆ ಬೇರೆ ಯಾವುದೋ ಊರಿನ ಕಡಲೆಕಾಯಿ ಹೊಲ, ಮತ್ತೆ ಜೊಂಪು. ಅವರು ಬ್ರೇಕು ಹಾಕಿದ್ದು ಯಾವಾಗ ಎಂದು ಒಮ್ಮೆಯೂ ನನಗೆ ತಿಳಿದಿಲ್ಲ.

ನಿಲ್ಲಿಸಿದ ಮೇಲೆ ಒಂದು ಚೊಂಬಿನ ತುಂಬ ನೀರು ತಂದು ಬಸ್ಸಿನ ನೆಲದ ನಡುವೆ ಇಡುವರು. ನೀರು ಒಂದು ಕಡೆಗೆ ವಾಲಿದರೆ ಬಸ್ಸು ಮತ್ತೆ ಹಿಂದೆ, ಮುಂದೆ. ಆಯಾ ಗೊಣಗುವಳು, “ಅಣ್ಣ, ಬಸ್ಸಿಗೆ ಪೂಜೆ ಮಾಡ್ತೀಯೋ, ನಿಲ್ಲಿಸ್ತೀಯೋ?” ಅವರು ನಗುವರು. ಕೊನೆಗೆ ಎರಡು ಮುಮ್ಮೂಲೆ ಕಲ್ಲುಗಳನ್ನು ಹಿಂದಿನ ಗಾಲಿಗಳು ಉರುಳದಂತೆ ಅಡ್ಡ ಕೊಡುವರು. ಪೆನುಕೊಂಡದ ಕಲ್ಲುಕುಟಿಗನಿಂದ ಕಡೆಸಿದ, ಒಂದೇ ಎತ್ತರದ ಕಲ್ಲುಗಳು. “ಇವಿದ್ರೇನೇ ನಂಗೆ ನಿದ್ದೆ ಕಣಮ್ಮ,” ಎನ್ನುತ್ತಿದ್ದರು.

ಒಂದು ಆಷಾಢದಲ್ಲಿ ಕಂಬದೂರಿನಲ್ಲಿ ಕ್ಯಾಂಪು. ಸ್ಕೂಲಿನ ವರಾಂಡದಲ್ಲಿ ಧೂಳು ಎದ್ದು, ಆಪರೇಷನ್ ಆದ ಒಬ್ಬ ಅಜ್ಜಿಯನ್ನು ನನ್ನ ಮಂಚಕ್ಕೆ ತಂದು ಮಲಗಿಸಿದ್ದೆವು. ಎರಡೂ ಕಣ್ಣಿಗೆ ಪಟ್ಟಿ. ತಲೆ ಅಲುಗಬಾರದೆಂದು ಡಾಕ್ಟರು ಹತ್ತು ಸಲ ಹೇಳಿದ್ದರು. ಗಾಳಿಗೆ ಮರೆ ಸಿಕ್ಕಿದ್ದು ಸ್ಕೂಲಿನ ಹಿಂದೆ ಮಾತ್ರ. ಅಲ್ಲಿ ನೆಲ ತುಸು ಇಳಿಜಾರು, ಕೆಳಗೆ ಕಟ್ಟೆಯಿಲ್ಲದ ಬಾವಿ. ಡ್ರೈವರಣ್ಣ ಮನಸ್ಸಿಲ್ಲದೆ ನಿಲ್ಲಿಸಿ, ಕಲ್ಲು ಕೊಟ್ಟು, ಬೇವಿನ ನೆರಳಲ್ಲಿ ಅಡ್ಡಾದರು.

ಅಜ್ಜಿಗೆ ಗಂಜಿ ಕಾಯಿಸಬೇಕು. ಒಳಗೆ ಹಚ್ಚಿದರೆ ಹೊಗೆಗೆ ಅಜ್ಜಿ ಕೆಮ್ಮೀತು, ಹೊರಗೆ ಗಾಳಿಗೆ ಸ್ಟೌ ನಿಲ್ಲಲೊಲ್ಲದು. ಸರಿ, ಹೊರಗೆ ಮೂರು ಕಲ್ಲು ಹೂಡೋಣವೆಂದು ಹುಡುಕಿದೆ. ಹೊಲದ ಕಲ್ಲುಗಳೆಲ್ಲ ಗುಂಡಗೆ, ಪಾತ್ರೆ ಕೂರುವುದಿಲ್ಲ. ಗಾಲಿಯ ಹತ್ತಿರ ನೋಡಿದರೆ ಒಲೆಗೆಂದೇ ಮಾಡಿಟ್ಟಂತೆ ಎರಡು ಕಲ್ಲು. ಹ್ಯಾಂಡ್‌ಬ್ರೇಕ್ ಇದೆಯಲ್ಲ, ಅಷ್ಟರಲ್ಲಿ ಏನಾದೀತು ಅಂದುಕೊಂಡು ಅವೆರಡನ್ನೂ ಎಳೆದು, ಹೊಲದ ಒಂದು ಕಲ್ಲು ಸೇರಿಸಿ ಒಲೆ ಹೂಡಿದೆ. ಒಲೆ ಕಂಡರೆ ನಮ್ಮ ಹೆಂಗಸರ ಬುದ್ಧಿ ಬೇರೆ ಕಡೆ ಹೋಗುವುದಿಲ್ಲ.

ಗಂಜಿ ಕುದಿ ಬಂದಿತ್ತು. ಬಸ್ಸಿನ ನೆರಳು ನನ್ನ ಕಾಲ ಮೇಲಿಂದ ಸರಿಯಿತು. ಮೋಡವಿರಬೇಕು ಎಂದುಕೊಂಡು ತಲೆಯೆತ್ತಿದರೆ, ಬಸ್ಸು ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತಿತ್ತು. ಡ್ರೈವರಣ್ಣ ಎದ್ದದ್ದು, ಓಡಿ ಬಾಗಿಲು ಹಿಡಿದದ್ದು, ಸೀಟಿಗೆ ಏರಿದ್ದು ಎಲ್ಲ ಕನಸಿನಲ್ಲಿ ನಡೆದಂತೆ ಈಗಲೂ ಕಾಣುತ್ತದೆ. ಒಂದೇಟಿಗೆ ಬ್ರೇಕು ತುಳಿಯಬಹುದಿತ್ತು. ತುಳಿಯಲಿಲ್ಲ. ಮಲಗಿದ ಮಗುವಿನ ಪಕ್ಕದಿಂದ ಏಳುವವರ ಹಾಗೆ ಇಷ್ಟಿಷ್ಟೇ ಒತ್ತಿ, ಬಾವಿಗೆ ಎರಡು ಮೊಳ ಇರುವಾಗ ನಿಲ್ಲಿಸಿದರು.

ಬಂಡಿ ಅಲುಗಿತೇನಪ್ಪಾ ಎಂದು ಒಳಗಿಂದ ಅಜ್ಜಿ ತೆಲುಗಿನಲ್ಲಿ ಕೇಳಿತು, “ಬಂಡಿ ಕದಿಲಿಂದಾ ನಾಯನಾ?”

“ಲೇದಮ್ಮಾ, ನಿದ್ರಪೋ,” ಇಲ್ಲಮ್ಮ, ಮಲಗು ಎಂದರು ಡ್ರೈವರಣ್ಣ. ಮಂಚದ ಪಕ್ಕದ ಚೊಂಬಿನಿಂದ ಒಂದು ಹನಿಯೂ ಚೆಲ್ಲಿರಲಿಲ್ಲ.

ಬಸ್ಸನ್ನು ಮೇಲಿನ ಸಮ ನೆಲಕ್ಕೆ ತಂದು, ಇಳಿದು, ಒಲೆಯ ಮುಂದೆ ನಿಂತರು. ನಾನು ಅಳುತ್ತಿದ್ದೆ. ಗಂಜಿ ಇಳಿಸಿದರು. ಬಿಸಿ ಕಲ್ಲುಗಳ ಮೇಲೆ ನೀರು ಸುರಿದು, ಬೂದಿ ಹಚ್ಚಿ, ಮಸಿ ಹೋಗುವಂತೆ ತಿಕ್ಕತೊಡಗಿದರು. “ನಿಂದಿನ್ನೂ ಪರ್ಮನೆಂಟ್ ಆಗಿಲ್ಲ ಕಣಮ್ಮ. ನನ್ನ ಏನ್ ಮಾಡ್ತಾರೆ, ಬೈತಾರೆ. ಬೈಸ್ಕೊಂಡು ಬತ್ತೀನಿ.”

ಡಾಕ್ಟರು ಬಂದಾಗ, “ಕಲ್ಲು ಕೊಡಾದು ಮರ್ತ್ಬುಟ್ಟೆ ಸಾರ್,” ಎಂದರು. ನನ್ನ ಬಾಯಿ ಇಡೀ ಆಸ್ಪತ್ರೆಗೆ ಹೆಸರುವಾಸಿ. ಅಂದು ತುಟಿ ಬಿಚ್ಚಲಿಲ್ಲ.

ಬೈಗುಳದಲ್ಲಿ ಮುಗಿಯಲಿಲ್ಲ. ರೋಗಿ ಒಳಗಿರುವಾಗ ಕಲ್ಲು ಮರೆಯುವವನಿಗೆ ಬಸ್ಸು ಕೊಡುವುದು ಹೇಗೆ ಎಂದು ಡಾಕ್ಟರು ಅವರನ್ನು ಆಸ್ಪತ್ರೆಯ ಗೇಟು ಕಾಯಲು ಹಾಕಿದರು. ಬಸ್ಸಿಗೆ ಬೇರೆಯವರು ಬಂದರು. ಡ್ರೈವರಣ್ಣ ತಮ್ಮ ಹಾಸಿಗೆ ಸುರುಳಿಯನ್ನೂ ಆ ಎರಡು ಕಲ್ಲುಗಳನ್ನೂ ಇಳಿಸಿಕೊಂಡು, ಹೊಸಬರಿಗೆ ಬೇರೆ ಕಲ್ಲು ಕಡೆಸಿ ಕೊಟ್ಟರು. ಮುಂದಿನ ವರ್ಷ ನಾನು ಪರ್ಮನೆಂಟ್ ಆದೆ. ಕ್ಯಾಂಪಿಗೆ ಹೊರಡುವ ಬೆಳಿಗ್ಗೆಗಳಲ್ಲಿ ಅವರು ಗೇಟು ತೆಗೆದು, ಹಾಯುವ ಬಸ್ಸಿನ ಮೈ ಸವರಿ, ಕಿಟಕಿಯಲ್ಲಿದ್ದ ನನ್ನನ್ನು ಕೇಳುವರು, “ಕಲ್ಲು ತಗೊಂಡ್ಯೇನಮ್ಮ?” ಚುಚ್ಚುಮಾತಲ್ಲ, ಕಾಳಜಿಯೇ. ಅದಕ್ಕೇ ನನಗೆ ತಡೆಯಲಾಗುತ್ತಿರಲಿಲ್ಲ. ಹೇಳಿಬಿಡಬೇಕೆಂದು ಪ್ರತಿ ಸಲ ಅಂದುಕೊಂಡು, ಬಸ್ಸು ತಿರುವು ದಾಟಿದ ಮೇಲೆ ಉಸಿರು ಬಿಡುತ್ತಿದ್ದೆ. ಹೀಗೆ ಏಳು ವರ್ಷ.

ಅವರು ತೀರಿಕೊಂಡದ್ದು ಸೆಟ್ಟೂರಿನ ತಂಗಿಯ ಮನೆಯಲ್ಲಿ. ಡಾಕ್ಟರೂ ಬಂದಿದ್ದರು. ಅಂಗಳದಲ್ಲಿ ಮಲಗಿಸಿದ್ದರು. ಎಡಗಾಲಿನ ಆ ಹಿಮ್ಮಡಿ ಚಾಪೆಯ ಆಚೆ ಕಾಣುತ್ತಿತ್ತು. ನೋಡುತ್ತಿದ್ದ ಹಾಗೆ ನನ್ನ ಬಾಯಿ ತಾನಾಗಿ ತೆರೆಯಿತು, “ಸಾರ್, ಕಂಬದೂರಲ್ಲಿ ಕಲ್ಲು ತೆಗೆದವಳು ನಾನು.” ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ತಂಗಿ ಒಳಗೆ ಹೋಗಿ ಒಂದು ಕಲ್ಲು ತಂದು ನನ್ನ ಕೈಗಿಟ್ಟಳು. “ನಂಗೆ ಗೊತ್ತಿತ್ತು ಕಣಮ್ಮ. ಆ ನರ್ಸಮ್ಮ ತಾನಾಗೇ ಹೇಳೋಗಂಟ ಯಾರ್ಗೂ ಹೇಳ್ಬ್ಯಾಡ ಅಂದ್ಬುಟ್ಟಿದ್ದ ಅಣ್ಣ. ಹೇಳಿದ್ ದಿನ ಇದನ್ನ ಕೊಡು ಅಂದಿದ್ದ.”

ಕಲ್ಯಾಣದುರ್ಗದ ನನ್ನ ಮನೆಯಲ್ಲಿ, ಆಷಾಢದ ಗಾಳಿಗೆ ಬಾಗಿಲು ಹೊಡೆದುಕೊಳ್ಳದಂತೆ ಆ ಕಲ್ಲು ಇಡುತ್ತೇನೆ. ಅದರ ಒಂದು ಮಗ್ಗುಲಲ್ಲಿ ಮಸಿ ಇನ್ನೂ ಹೋಗಿಲ್ಲ. ನಾನು ಹೇಳುವ ದಿನಕ್ಕೆ ಅವರು ಏಳು ವರ್ಷ ಆ ಗೇಟಿನಲ್ಲಿ ಕಾದರು, ನಾನು ಅವರಿಗೆ ಕೇಳಿಸದ ದಿನ ಹೇಳಿದೆ.