ದಂಬೆ ಇಲ್ಲದ ಕಾರು

ವಾಮದಪದವಿನಲ್ಲಿ ಅಬ್ದುಲ್ ಶುಕೂರ್ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಫಿಯೆಟ್ ಶುಕೂರಾಕ ಎನ್ನಬೇಕು. ಬಾಡಿಗೆಗೆ ಓಡಿಸುತ್ತಿದ್ದ ಆ ಫಿಯೆಟ್ ಕೈಬಿಟ್ಟು ವರ್ಷಗಳಾದರೂ ಹೆಸರು ಬಿಟ್ಟು ಹೋಗಲಿಲ್ಲ. ಅದನ್ನು ತಿದ್ದುವ ಉಮೇದು ಅವರಿಗೂ ಉಳಿದಿಲ್ಲ.

ತೊಂಬತ್ತರ ದಶಕದಲ್ಲಿ ಆ ಕಾರಿಗೆ ಒಂದು ಗತ್ತು ಇತ್ತು. ಮೈಯೆಲ್ಲ ಮೂಲೆ, ಏಣು. ತಲೆಯ ಮೇಲಿನ ಮಾಡಿನ ಅಂಚಿಗೆ ಮಳೆನೀರು ಹರಿಯಲು ಸಣ್ಣದೊಂದು ತಗಡಿನ ಕಾಲುವೆ. ಮನೆಯ ಸೂರಿಗೆ ಕಟ್ಟುವ ಅಡಿಕೆ ಮರದ ದಂಬೆಯ ಹಾಗಿದೆಯೆಂದು ಶುಕೂರಾಕ ಅದನ್ನೂ ದಂಬೆ ಎಂದೇ ಕರೆಯುತ್ತಿದ್ದರು. ಕಬ್ಬಿಣದ ಕ್ಯಾರಿಯರಿನ ಕಾಲುಗಳನ್ನು ಆ ದಂಬೆಗೆ ಸಿಕ್ಕಿಸಿ ತಿರುಪು ಬಿಗಿದರೆ ಆನೆ ಎಳೆದರೂ ಅಲ್ಲಾಡುತ್ತಿರಲಿಲ್ಲ. ಗಲ್ಫಿನಿಂದ ಬಂದವರ ರಟ್ಟಿನ ಪೆಟ್ಟಿಗೆಗಳೆಲ್ಲ ಅದರ ಮೇಲೆಯೇ ಊರು ಸೇರುತ್ತಿದ್ದವು. ಜಂಕ್ಷನ್ ಹತ್ತಿರ ಬಂದಾಗ, ಎರಡು ವರ್ಷ ಮನೆ ಕಾಣದವನೂ, "ಸ್ವಲ್ಪ ನಿಧಾನ ಹೋಗುವ ಶುಕೂರಾಕ" ಎನ್ನುತ್ತಿದ್ದ. ಚಾ ಅಂಗಡಿಯ ಮಂದಿ ಪೆಟ್ಟಿಗೆಗಳ ಎತ್ತರ ನೋಡಿ ಇದರಲ್ಲಿ ಟಿವಿ ಉಂಟು, ಇದರಲ್ಲಿ ಬರೀ ಕಂಬಳಿ ಎಂದು ತೀರ್ಪು ಕೊಡುತ್ತಿದ್ದರು.

ನೋಡನೋಡುತ್ತ ಕಾರುಗಳೆಲ್ಲ ಉರುಟಾದವು. ಬಳಸಿ ಬಳಸಿ ಸವೆದ ಸಾಬೂನಿನ ಹಾಗೆ, ಎಲ್ಲಿಯೂ ಒಂದು ಮೂಲೆ ಇಲ್ಲ. ಮದುವೆಯವರು ಫಿಯೆಟ್ ಕರೆಯುವುದನ್ನು ಬಿಟ್ಟರು. ಕೊನೆಗೆ ಮಗಳು ಶಹಲಾಳೂ ತನ್ನ ನಿಕಾಹ್‌ಗೆ ಆ ಡಬ್ಬ ಅಂಗಳದಲ್ಲಿ ನಿಲ್ಲುವುದು ಬೇಡ ಎಂದಳು. ಶುಕೂರಾಕ ವಾದ ಮಾಡಲಿಲ್ಲ. ಮೂಡುಬಿದಿರೆಯ ಚಿನ್ನಯ್ಯನಿಗೆ ಫಿಯೆಟ್ ಮಾರಿ, ಹಳೆಯದೊಂದು ಇಂಡಿಕಾ ತಂದರು. ಕ್ಯಾರಿಯರನ್ನು ಮಾತ್ರ ಬಿಚ್ಚಿ ಇಟ್ಟುಕೊಂಡರು. ಕಾರು ಯಾವುದಾದರೇನು, ಕ್ಯಾರಿಯರ್ ಹಾಕಿದರಾಯಿತು ಎಂದು ಅವರ ಲೆಕ್ಕ.

ಹಾಕಲು ಹೋದಾಗ ಗೊತ್ತಾಯಿತು. ಇಂಡಿಕಾಕ್ಕೆ ದಂಬೆಯೇ ಇರಲಿಲ್ಲ. ಮಾಡು ನುಣ್ಣಗೆ ಇಳಿದು ಗಾಜಿಗೆ ಸೇರಿಬಿಟ್ಟಿತ್ತು. ಕ್ಯಾರಿಯರಿನ ಕಾಲುಗಳು ಹಿಡಿಯಲು ಜಾಗ ಸಿಗದೆ ಜಾರಿದವು. ಅದು ಈ ಕಾರಿಗೆ ಕೂರುವುದಿಲ್ಲ ಎಂದು ಹೆಂಡತಿ ಬೀಯಮ್ಮ ಅಂದೇ ಹೇಳಿದರು. ಶುಕೂರಾಕ ಒಪ್ಪಲಿಲ್ಲ, ಏನಾದರೂ ದಾರಿ ಉಂಟು ಎಂದರು. ದಾರಿ ಸಿಗುವ ತನಕ ಬೀಯಮ್ಮ ಅದರ ಮೇಲೆ ಹಪ್ಪಳ ಒಣಗಿಸಿದರು.

ಶಹಲಾ ತವರಿನಲ್ಲೇ ಇದ್ದಳು. ಅವಳ ಗಂಡ ಬಾಸಿತ್ ದುಬೈಯಲ್ಲಿದ್ದ, ರಜೆಗೆ ಬಂದಾಗಲೆಲ್ಲ ಗೆಳೆಯರ ಕಾರಿನಲ್ಲಿ ಬಂದಿಳಿಯುತ್ತಿದ್ದ. ಊರವರ ಪೆಟ್ಟಿಗೆಗಳನ್ನೆಲ್ಲ ಹೊತ್ತು ತಂದ ತಾನು, ಅಳಿಯನ ಪೆಟ್ಟಿಗೆಗಳನ್ನೂ ಒಮ್ಮೆ ಜಂಕ್ಷನ್ನಿನಲ್ಲಿ ನಿಧಾನವಾಗಿ ದಾಟಿಸಬೇಕು ಎನ್ನುವುದೊಂದೇ ಶುಕೂರಾಕನ ಆಸೆ. ಎರಡು ಸಾವಿರದ ಒಂಬತ್ತರಲ್ಲಿ, ಬರುತ್ತೇನೆ ಎಂದು ಬಾಸಿತ್‌ನ ಫೋನು ಬಂತು. ಯಾಕೆ ಎಂದು ಅವನು ಹೇಳಲಿಲ್ಲ, ಇವರು ಕೇಳಲೂ ಇಲ್ಲ. ಹಪ್ಪಳ ಎತ್ತಿಸಿ, ಕಾರಿನ ಮಾಡಿಗೆ ಗೋಣಿ ಹಾಸಿ, ಕ್ಯಾರಿಯರ್ ಇಟ್ಟು, ಬಾಗಿಲುಗಳ ಸಂದಿನಿಂದ ಹಗ್ಗ ಎಳೆದು ಕಟ್ಟಿದರು. ಸೊಂಟ ಹಿಡಿದುಕೊಂಡಿತು. ಡಿಕ್ಕಿ ಉಂಟಲ್ಲ ಎಂದರು ಬೀಯಮ್ಮ.

"ಡಿಕ್ಕಿಯಲ್ಲಿಟ್ಟರೆ ಯಾರಿಗೆ ಕಾಣ್ತದೆ?" ಎಂದರು ಶುಕೂರಾಕ.

ಬಜ್ಪೆ ವಿಮಾನ ನಿಲ್ದಾಣದಲ್ಲಿ ಬಾಸಿತ್ ಹೊರಗೆ ಬಂದ. ಹೆಗಲಿಗೊಂದು ಚೀಲ, ಬೇರೇನಿಲ್ಲ. ಶುಕೂರಾಕ ಅವನ ಹಿಂದೆ ಪೆಟ್ಟಿಗೆಗಳ ಗಾಡಿ ತಳ್ಳಿಕೊಂಡು ಯಾರಾದರೂ ಬರುತ್ತಾರೋ ಎಂದು ನೋಡಿದರು.

"ಇಷ್ಟೇ ಮಾವ. ಕಂಪೆನಿ ಮುಚ್ಚಿತು. ಇನ್ನು ಹೋಗ್ಲಿಕ್ಕಿಲ್ಲ. ಶಹಲಾಳಿಗೆ ಹೇಳಲಿಲ್ಲ, ನಾನೇ ಹೇಳ್ತೇನೆ," ಎಂದ. ಆಮೇಲೆ ಅವನ ಕಣ್ಣು ಕಾರಿನ ಮಾಡಿನ ಮೇಲೆ ಹೋಯಿತು. ಹಗ್ಗದಲ್ಲಿ ಕಟ್ಟಿದ್ದ ಖಾಲಿ ಕ್ಯಾರಿಯರನ್ನು ನೋಡಿ ತಲೆ ತಗ್ಗಿಸಿದ.

ದಾರಿಯಲ್ಲಿ ಪ್ರತಿ ಹೊಂಡಕ್ಕೂ ತಲೆಯ ಮೇಲೆ ಕಬ್ಬಿಣ ಗಡಗಡ ಎನ್ನುತ್ತಿತ್ತು. ಶುಕೂರಾಕನ ಕಣ್ಣೆದುರು ಚಾ ಅಂಗಡಿಯ ಬೆಂಚು ಬಂತು. ಅಲ್ಲಿಯವರು ಈ ಖಾಲಿ ಕ್ಯಾರಿಯರಿಗೂ ಒಂದು ತೀರ್ಪು ಕೊಡುವವರೇ. ಬಾಸಿತ್ ಬಾಯಿ ಬಿಡುವ ಮೊದಲೇ ಸುದ್ದಿ ಶಹಲಾಳಿಗೆ ಮುಟ್ಟುತ್ತದೆ. ಶುಕೂರಾಕನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಕೈಕಂಬದ ಗುಜರಿ ಅಂಗಡಿಯ ಎದುರು ಕಾರು ನಿಲ್ಲಿಸಿ ಹಗ್ಗ ಬಿಚ್ಚಿದರು. ಬಾಸಿತ್ ಇಳಿದು ಇನ್ನೊಂದು ಬದಿ ಹಿಡಿದ. ಗುಜರಿಯವನು ತೂಕಕ್ಕೆ ಹಾಕಲು ಹೊರಟಾಗ ಶುಕೂರಾಕ ದುಡ್ಡು ಬೇಡ ಎಂದು ಕೈಯಾಡಿಸಿ ಕಾರು ಹತ್ತಿದರು.

ಬಂಟ್ವಾಳ ದಾಟಿ ವಾಮದಪದವಿನ ಜಂಕ್ಷನ್ ಬಂದಾಗ ಅವರು ನಿಧಾನಿಸಲಿಲ್ಲ. ಬೆಂಚಿನವರು ತಲೆ ಎತ್ತಿದರು. ಬೋಳು ಮಾಡಿನ ಉರುಟು ಕಾರೊಂದು ಹೋಗುತ್ತಿತ್ತು. ಯಾರೋ ಕೈ ಬೀಸಿ ಮತ್ತೆ ಚಾ ಕುಡಿಯತೊಡಗಿದರು. ಆರು ವರ್ಷ ಬೈದುಕೊಂಡೇ ಓಡಿಸಿದ ಕಾರು ಅಂದು ಮೊದಲ ಬಾರಿಗೆ ಶುಕೂರಾಕನಿಗೆ ತನ್ನದು ಅನಿಸಿತು.

ಅಂಗಳದಲ್ಲಿ ಬೀಯಮ್ಮ ಅಳಿಯನನ್ನು ಒಳಗೆ ಕರೆದರು. ಆಮೇಲೆ ಕಾರಿನ ಮಾಡು ನೋಡಿ, ಕ್ಯಾರಿಯರ್ ಎಲ್ಲಿ ಎಂದು ಕೇಳಿದರು.

"ನೀನೇ ಹೇಳಿದ್ದಲ್ಲವಾ," ಎಂದರು ಶುಕೂರಾಕ, ಚಪ್ಪಲಿ ಬಿಡುತ್ತ. "ಈ ಕಾರಿಗೆ ಅದು ಕೂರುವುದಿಲ್ಲ."