ಇಪ್ಪತ್ತೆಂಟು ಗುಳಿಗಳ ಹಲಗೆ

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಲಿಫ್ಟ್ ರಿಪೇರಿ ಮಾಡುವವರು. ಹದಿನೆಂಟನೇ ವಯಸ್ಸಿಗೆ ಈ ಕೆಲಸಕ್ಕೆ ಸೇರಿದವರು ನಲವತ್ತೇಳಾದರೂ ಬಿಟ್ಟಿಲ್ಲ. ಮದುವೆ ಯಾಕಾಗಲಿಲ್ಲ ಅಂತ ಕೇಳಿದರೆ, "ಹೊರಟಿದ್ದೆ ಕಣಮ್ಮ, ಅಷ್ಟರಲ್ಲಿ ಯಾರೋ ಮೂರನೇ ಮಹಡಿಗೂ ನಾಲ್ಕಕ್ಕೂ ಮಧ್ಯೆ ಸಿಕ್ಕಿಹಾಕ್ಕೊಂಡ್ರು" ಅನ್ನುತ್ತಾರೆ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದೇ ಕೋಣೆಯಲ್ಲಿ ವಾಸ. ಜೇಬಿನಲ್ಲಿ ಬೆರಳುದ್ದದ ಟಾರ್ಚು, ಕಿವಿಯ ಮೇಲೆ ಮೋಟು ಪೆನ್ಸಿಲ್ಲು. ಮಾತು ಕಮ್ಮಿ, ಗೊಣಗಾಟ ಜಾಸ್ತಿ. ಆ ಗೊಣಗಾಟದಲ್ಲಿ ನಂಜಿಲ್ಲ. ಹಳೇ ಫ್ಯಾನಿನ ಸದ್ದಿದ್ದ ಹಾಗೆ, ನಿಂತರೇನೇ ನಮಗೆ ಗಾಬರಿ.

ಇವರು ವಾರದಲ್ಲಿ ಒಂದೇ ಸಲ ನೆಮ್ಮದಿಯಾಗಿ ಕೂರುವುದು. ಭಾನುವಾರ ಮಧ್ಯಾಹ್ನ ಮೂರಕ್ಕೆ, ನಾಲ್ಕನೇ ಮಹಡಿಯ ನಮ್ಮ ಮನೆಯ ಊಟದ ಮೇಜಿನ ಮುಂದೆ. ನಾನು ಈ ಮನೆಗೆ ಬರುವ ಎಷ್ಟೋ ಮೊದಲಿನಿಂದ, ಹನ್ನೊಂದು ವರ್ಷದಿಂದ, ಅಲ್ಲೊಂದು ಆಟ ನಡೆಯುತ್ತಿದೆ. ನನ್ನ ಗಂಡ ಕಥೆ ಹೇಳುತ್ತಾನೆ. ಮಿಕ್ಕ ಮೂವರು ಕಥೆಯೊಳಗಿನ ಒಬ್ಬೊಬ್ಬರಾಗಿ 'ನಾನು ಬಾಗಿಲು ತಳ್ತೀನಿ', 'ನಾನು ಓಡ್ತೀನಿ' ಅನ್ನುತ್ತಾರೆ. ಬಾಗಿಲು ತೆರೆಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಯಾವುದಕ್ಕೆ ಎಷ್ಟು ಬೀಳಬೇಕು ಎಂಬುದಕ್ಕೆ ಒಂದು ದಪ್ಪ ನಿಯಮದ ಪುಸ್ತಕ. ಗೆದ್ದವರು ಸೋತವರು ಅಂತ ಇಲ್ಲ. ಸಂಜೆ ಆರಕ್ಕೆ ಟೀ ಲೋಟಗಳನ್ನು ಸಿಂಕಿಗೆ ಹಾಕಿ ಎದ್ದುಹೋಗುತ್ತಾರೆ, ಅಷ್ಟೇ.

ಕೆಳಗಿನ ಮಹಡಿಯ ಟೈಲರ್ ಈ ಕಥೆಯಲ್ಲಿ ಕತ್ತಿವರಸೆಯವನು. ಬೀದಿ ಮೂಲೆಯಲ್ಲಿ ಔಷಧಿ ಅಂಗಡಿ ನಡೆಸುವಾಕೆ, ನಾವೆಲ್ಲ 'ಮಾತ್ರೆ ಅಕ್ಕ' ಅನ್ನುವವಳು, ಮಾಟಗಾತಿ. ಇಬ್ಬರೂ ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಸತ್ತು ಹೊಸ ಹೆಸರಿಟ್ಟುಕೊಂಡು ಬಂದರೋ ಲೆಕ್ಕವಿಲ್ಲ. ಭಾವನದು ಮಾತ್ರ ಮೊದಲಿನಿಂದ ಒಂದೇ ಪಾತ್ರ: ದೀಪ ಹಿಡಿಯುವವ. ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಕಂದೀಲು ಹಿಡಿದು ನಡೆದು, "ಎಡಕ್ಕೆ ಗುಂಡಿ ಇದೆ" ಅಂತ ಕೂಗುವುದು ಅವರ ಕೆಲಸ. ಹಿಂದಿನವರು "ಎಡಕ್ಕೆ ಗುಂಡಿ" ಅಂತ ತಿರುಗಿ ಹೇಳುವವರೆಗೂ ಕಾಲು ಎತ್ತುವುದಿಲ್ಲ. ಲಿಫ್ಟಿನ ಕೆಲಸದಲ್ಲೂ ಹಾಗೇ ಅಂತೆ, ಮೇಲಿನವನು ಕೂಗಿದ್ದನ್ನು ಕೆಳಗಿನವನು ತಿರುಗಿ ಹೇಳದೆ ಯಾರೂ ಬಟನ್ ಒತ್ತುವ ಹಾಗಿಲ್ಲ.

ನಾನು ಸುಮ್ಮಸುಮ್ಮನೆ ಹೆದರುವವಳು ಅಂತ ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ನಮ್ಮ ಮಗಳು ಪುಟ್ಟಿ ಅಂಬೆಗಾಲಿಡಲು ಶುರುಮಾಡಿದ ವಾರವೇ ನನ್ನ ಕಣ್ಣು ಆ ದಾಳಗಳ ಮೇಲೆ ಬಿತ್ತು. ತಲೆಗೆ ಏಳರಂತೆ ನಾಲ್ಕು ಜನಕ್ಕೆ ಇಪ್ಪತ್ತೆಂಟು. ನಾಲ್ಕು ಮುಖದ್ದರಿಂದ ಇಪ್ಪತ್ತು ಮುಖದ್ದರವರೆಗೆ ಬಣ್ಣಬಣ್ಣದವು, ನೋಡಿದರೆ ದೊಡ್ಡವರಿಗೇ ಬಾಯಿಗೆ ಹಾಕಿಕೊಳ್ಳೋಣ ಅನ್ನಿಸಬೇಕು. ಒಂದೋ ಆಟ ನಿಲ್ಲಿಸಿ, ಇಲ್ಲ ನಾನು ಮಗು ತಗೊಂಡು ಭಾನುವಾರ ಭಾನುವಾರ ಪಾರ್ಕಿನಲ್ಲಿ ಕೂರುತ್ತೇನೆ ಅಂದೆ. ನನ್ನ ಗಂಡ ನಕ್ಕ. ಭಾವ ನಗಲಿಲ್ಲ.

ಮುಂದಿನ ವಾರ ಒಂದು ಹಲಗೆ ತಂದರು. ಅದರಲ್ಲಿ ಇಪ್ಪತ್ತೆಂಟು ಗುಳಿ ಕೊರೆದಿದ್ದರು, ಒಂದೊಂದು ದಾಳಕ್ಕೆ ಒಂದೊಂದು, ಅದರದರ ಅಳತೆಗೆ. ನಡುವೆ ಒಂದು ಗುಳಿ ಖಾಲಿ ಇದ್ದರೂ ದೂರದಿಂದಲೇ ಕಣ್ಣಿಗೆ ಹೊಡೆಯುವ ಹಾಗೆ ತಳಕ್ಕೆ ಕೆಂಪು ಬಣ್ಣ.

"ಕೆಲಸಕ್ಕೆ ಸೇರಿದ ವರ್ಷ ಒಂದು ಸ್ಪ್ಯಾನರ್ ಮೇಲೇ ಮರೆತು ಬಂದಿದ್ದೆ" ಅಂದರು. "ಐದು ಮಹಡಿ ಕೆಳಕ್ಕೆ ಬಿತ್ತು. ಯಾರಿಗೂ ತಗಲಲಿಲ್ಲ, ಪುಣ್ಯ. ಅವತ್ತಿನಿಂದ ಎಣಿಸಿ ಒಳಗೆ, ಎಣಿಸಿ ಹೊರಗೆ. ಇಲ್ಲೂ ಹಾಗೇ. ಕೆಂಪು ಕಾಣಿಸಿದ್ರೆ ಯಾರೂ ಕುರ್ಚಿ ಬಿಟ್ಟು ಏಳಂಗಿಲ್ಲ."

"ನಾನು ಜಾಸ್ತಿ ಹೆದರ್ತೀನಿ ಅನ್ಸುತ್ತಾ ಭಾವ?"

"ನೀನು ನಮ್ಮ ಕೆಲಸಕ್ಕೆ ಬರಬೇಕಿತ್ತು ಕಣಮ್ಮ. ಹೆದರದೇ ಇರೋರ್ನ ನಾವು ಮೊದಲ ದಿನವೇ ಮನೆಗೆ ಕಳಿಸ್ತೀವಿ."

ನನ್ನ ಹೆದರಿಕೆಗೆ ಅಷ್ಟು ಮರ್ಯಾದೆ ಕೊಟ್ಟವರು ಅವರೊಬ್ಬರೇ.

ಹೀಗಿರುವಾಗ ಮಾತ್ರೆ ಅಕ್ಕ ಒಂದು ಭಾನುವಾರ ಎರಡೂ ಕೈಯಲ್ಲಿ ಹೊತ್ತು ತಂದಳು, ಆಟದ ಹೊಸ ಆವೃತ್ತಿ. ನಿಯಮದ ಪುಸ್ತಕವನ್ನು ಪೂರ್ತಿ ತಿದ್ದಿ, ಬಣ್ಣದ ಚಿತ್ರ ತುಂಬಿ, ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತಿದ್ದರು. ಜೊತೆಗೆ ಕಡಲೆಕಾಳಿನಷ್ಟು ಸಣ್ಣ ನೀಲಿ ದಾಳಗಳು, 'ಅದೃಷ್ಟದ ದಾಳ' ಅಂತೆ. ಅವಳು ಪೆಟ್ಟಿಗೆ ಬಿಚ್ಚಿ, ಮೊದಲು ಒಂದು ಫೋಟೋ ತೆಗೆದು, ಆಮೇಲೆ ಪುಸ್ತಕ ಮೇಜಿನ ಮೇಲಿಟ್ಟಳು. ಮೇಜು ಕಿರುಗುಟ್ಟಿತು.

ಭಾವ ಪುಸ್ತಕವನ್ನು ಒಂದು ಕೈಯಲ್ಲಿ ಎತ್ತಿ ತೂಗಿ ನೋಡಿದರು. "ಇದನ್ನ ಹೊತ್ತು ಗವಿಗೆ ಇಳಿದ್ರೆ ಸಾಯೋಕೆ ರಾಕ್ಷಸ ಬೇಕಾಗಿಲ್ಲ." ನಾಲ್ಕು ಹಾಳೆ ತಿರುವಿದರು. "ಇದೇನು, ಎಲ್ಲರೂ ಹಲ್ಲು ಬಿಡ್ತಾ ನಿಂತಿದಾರೆ? ಹಳೇ ಪುಸ್ತಕದಲ್ಲಿ ಒಬ್ಬನಾದ್ರೂ ನಗ್ತಿದ್ನಾ? ಅವರಿಗೆ ಕೆಲಸ ಇತ್ತು."

"ನಿಯಮ ಓದಿ ಅಣ್ಣ, ಸುಲಭ ಮಾಡಿದಾರೆ" ಅಂದಳು ಮಾತ್ರೆ ಅಕ್ಕ.

"ಓದ್ತಿದೀನಿ. ಗಾಯ ಆದ್ರೆ ಒಂದು ರಾತ್ರಿ ಮಲಗಿ ಎದ್ದರೆ ಪೂರ್ತಿ ವಾಸಿ. ಇದನ್ನ ನನ್ನ ಮೊಣಕಾಲಿಗೆ ಓದಿ ಹೇಳು." ಇನ್ನೊಂದು ಹಾಳೆ. "ಹಗ್ಗ ತಡೆಯೋ ಭಾರ ಎಲ್ಲಿ? 'ಎಷ್ಟು ಹೊರಬಹುದು ಎಂಬುದನ್ನು ನೀವೇ ಅಂದಾಜು ಮಾಡಿ.' ಅಂದಾಜಾ? ಅಂದಾಜಿನ ಮೇಲೆ ಹಗ್ಗ ಹಿಡಿದೋರು ಎಷ್ಟು ಜನ ಬದುಕಿದಾರೆ ಅಂತ ಕೇಳು."

"ಗುರುವೇ, ಅದು ಬರೀ ಆಟದ ಹಗ್ಗ" ಅಂದ ಟೈಲರ್.

"ನಿನ್ನ ಕತ್ತರಿ ಆಟದ್ದಾದ್ರೆ ಮೊಂಡಾಗಿದ್ರೂ ನಡೆಯುತ್ತಾ?"

ಟೈಲರ್ ಯೋಚಿಸಿ, ನಡೆಯಲ್ಲ ಅಂತ ಒಪ್ಪಿಕೊಂಡ. ಎಲ್ಲರೂ ನಗುತ್ತಿದ್ದೆವು. ಆಮೇಲೆ ಭಾವ ಮೂವತ್ತೊಂದನೇ ಪುಟಕ್ಕೆ ಬಂದರು. ಗೊಣಗಾಟ ನಿಂತುಹೋಯಿತು.

"ಇಲ್ಲಿ ಎಲ್ಲರಿಗೂ ಕತ್ತಲಲ್ಲಿ ಕಣ್ಣು ಕಾಣುತ್ತಂತೆ" ಅಂದರು.

"ಹೂಂ ಅಣ್ಣ" ಅಂದ ನನ್ನ ಗಂಡ. "ಈಗ ಎಲ್ಲರಿಗೂ ಆ ಶಕ್ತಿ ಕೊಟ್ಟಿದಾರೆ."

"ಹಾಗಾದ್ರೆ ನಾನೇನು ಹಿಡ್ಕೊಂಡು ಓಡಾಡಲಿ, ಛತ್ರಿನಾ?"

ಮೂರು ಭಾನುವಾರ ಹೊಸ ನಿಯಮದಲ್ಲಿ ಆಡಿ ನೋಡೋಣ, ಆಮೇಲೆ ತೀರ್ಮಾನ, ಅಂತ ಮಾತಾಯಿತು. ಭಾವ ಒಪ್ಪಿದರು, ಅವರದೇ ರೀತಿಯಲ್ಲಿ. "ನೀವು ಆಡಿ, ನಾನು ಕೂತಿರ್ತೀನಿ. ಆ ಪೆಟ್ಟಿಗೆ ಮಾತ್ರ ಮುಟ್ಟಲ್ಲ. ಅದೇ ಬೇಕು ಅಂದ್ರೆ ನಾಲ್ಕನೇ ವಾರ ನನ್ನ ಕುರ್ಚಿ ಗೋಡೆಗೆ ಒರಗಿಸಿಬಿಡಿ."

ಅವರು ಹೊರಡುವಾಗ ಬಾಗಿಲ ತನಕ ಹೋಗಿ ಕೇಳಿದೆ. "ಬರದೇ ಇದ್ರೆ ಭಾನುವಾರ ಏನು ಮಾಡ್ತೀರಿ ಭಾವ?"

"ಬಟ್ಟೆ ಒಗೀತೀನಿ."

"ಮೂರು ಗಂಟೆಗಾ?"

"ಸಂಜೆವರೆಗೂ ಒಗೀತೀನಿ."

ಒಬ್ಬ ಮನುಷ್ಯನಿಗೆ ಅಷ್ಟು ಬಟ್ಟೆ ಎಲ್ಲಿರುತ್ತದೆ? ಅವತ್ತು ಪಾತ್ರೆ ತೊಳೆಯುವಾಗೆಲ್ಲ ನನಗೆ ಅದೇ ಚಿಂತೆ.

ಮೊದಲ ಎರಡು ವಾರ ಭಾವ ತೋಳು ಕಟ್ಟಿಕೊಂಡು ಕೂತರು. ದೀಪದವನು ಹಿಂದೆ ಹಿಂದೆ ನಡೆದ. ಯಾರೂ ಏನನ್ನೂ ತಿರುಗಿ ಹೇಳಲಿಲ್ಲ. ಮಾತ್ರೆ ಅಕ್ಕ ಸರಸರ ಕತ್ತಲೊಳಗೆ ನುಗ್ಗಿದಳು, ಕಥೆ ಬೇಗ ಬೇಗ ಸಾಗಿತು, ಐದಕ್ಕೇ ಮುಗಿಯಿತು. ಹಲಗೆಯ ಇಪ್ಪತ್ತೆಂಟು ದಾಳ ನಾನು ಎಣಿಸಿದೆ. ನೀಲಿ ದಾಳಗಳಿಗೆ ಹಲಗೆಯಲ್ಲಿ ಜಾಗವಿರಲಿಲ್ಲ, ಮಾತ್ರೆ ಅಕ್ಕ ಅವನ್ನು ಪೆಟ್ಟಿಗೆಗೆ ಸುರಿದುಕೊಂಡು ಮನೆಗೆ ಒಯ್ಯುತ್ತಿದ್ದಳು.

ಮೂರನೇ ಭಾನುವಾರ ನಾನು ಟೀ ಸೋಸುತ್ತಿದ್ದೆ. ದಡ್ ಅಂತ ಸದ್ದು. ಪುಟ್ಟಿ ಮೇಜಿನ ಬಟ್ಟೆ ಹಿಡಿದು ಎಳೆದಿದ್ದಳು. ಪೆಟ್ಟಿಗೆ ಕೆಳಗೆ ಬಿದ್ದು ನೀಲಿ ದಾಳಗಳು ನೆಲದ ತುಂಬ. ಅವಳು ಅವುಗಳ ನಡುವೆ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಮಗುವನ್ನು ಎತ್ತಿಕೊಂಡೆ, ಬಾಯಿಗೆ ಬೆರಳು ಹಾಕಿದೆ, ಏನೂ ಸಿಗಲಿಲ್ಲ. ಪುಟ್ಟಿ ನನ್ನ ಬೆರಳು ಕಚ್ಚಿ ನಕ್ಕಳು. ಉಸಿರು ಸರಿಯಾಗಿತ್ತು, ಅವಳದು. ನೆಲದ ಮೇಲಿನದನ್ನು ಟೈಲರ್ ಹೆಕ್ಕಿ ಎಣಿಸಿದ. ಹನ್ನೊಂದು. ಪೆಟ್ಟಿಗೆಯ ಮೇಲೆ ಬರೆದಿತ್ತು: ಹನ್ನೆರಡು ದಾಳಗಳು.

"ಯಾರೂ ಏಳಬೇಡಿ" ಅಂದರು ಭಾವ. ದನಿ ಏರಿಸಲಿಲ್ಲ. ತಾವು ಮಾತ್ರ ಮಂಡಿಯೂರಿ, ಜೇಬಿನ ಟಾರ್ಚನ್ನು ನೆಲಕ್ಕೆ ಒತ್ತಿ ಹಿಡಿದು ಬೆಳಕನ್ನು ಅಡ್ಡ ಹಾಯಿಸಿದರು. ಹಾಗೆ ಹಾಯಿಸಿದರೆ ಸಾಸಿವೆ ಕಾಳಿಗೂ ಮೊಳದುದ್ದದ ನೆರಳು ಬೀಳುತ್ತದೆ. ಕಪಾಟಿನ ಕೆಳಗೆ ನನ್ನ ಕಳೆದುಹೋದ ಕಿವಿಯೋಲೆಯ ತಿರುಪು ಸಿಕ್ಕಿತು. ದಾಳ ಸಿಗಲಿಲ್ಲ.

"ನುಂಗಿದ್ರೂ ಅಷ್ಟು ಸಣ್ಣದು ತಾನಾಗೇ ಹೋಗುತ್ತೆ" ಅಂದಳು ಮಾತ್ರೆ ಅಕ್ಕ, ಮುಖ ಬಿಳುಚಿಕೊಂಡೇ. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ, ಆಸ್ಪತ್ರೆಗೆ.

"ಒಂದು ನಿಮಿಷ ಕಣಮ್ಮ" ಅಂದರು ಭಾವ, ಮಂಡಿಯೂರಿದ ಕಡೆಯಿಂದಲೇ. "ಪೆಟ್ಟಿಗೆ ಬಿಚ್ಚಿದ ದಿನ ಎಷ್ಟಿತ್ತು? ಯಾರು ಎಣಿಸಿದ್ರು?"

ಯಾರೂ ಎಣಿಸಿರಲಿಲ್ಲ. ಈ ಮನೆಯಲ್ಲಿ ಎಣಿಸುವುದು ಅವರ ಕೆಲಸ. ಅವರು ಆ ಪೆಟ್ಟಿಗೆ ಮುಟ್ಟುವುದಿಲ್ಲ ಅಂತ ಹಟ ಹಿಡಿದಿದ್ದರು. ಅದು ಅವರಿಗೂ ಅದೇ ಕ್ಷಣ ಹೊಳೆದಿರಬೇಕು, ಟಾರ್ಚು ಆರಿಸಿಬಿಟ್ಟರು.

"ಫೋಟೋ" ಅಂದ ಟೈಲರ್. "ಅಕ್ಕ, ಅವತ್ತು ಫೋಟೋ ತೆಗೆದ್ರಲ್ಲ."

ಮಾತ್ರೆ ಅಕ್ಕ ಫೋನು ಹುಡುಕಿ ಕೊಟ್ಟಳು. ಟೈಲರ್ ಚಿತ್ರ ಹಿಗ್ಗಿಸಿ ಮೂಗಿನ ಹತ್ತಿರ ಹಿಡಿದ. "ಅಂಗಿ ಗುಂಡಿ ಎಣಿಸೋ ಕಣ್ಣು ನಂದು, ತಾಳಿ. ಪೆಟ್ಟಿಗೇಲಿ ಎರಡು ಸಾಲು, ಒಂದೊಂದಕ್ಕೆ ಆರು ಮನೆ. ಮೇಲಿನದರಲ್ಲಿ ಆರು. ಕೆಳಗಿನದರಲ್ಲಿ..." ಅವನು ಫೋನನ್ನು ನನ್ನ ಕೈಗೇ ಕೊಟ್ಟ. ಕೆಳಗಿನ ಸಾಲಿನ ಕೊನೆಯ ಮನೆ ಖಾಲಿ. ಕಾರ್ಖಾನೆಯಿಂದಲೇ ಹನ್ನೊಂದು ಬಂದಿತ್ತು.

ಚಪ್ಪಲಿ ಬಿಚ್ಚಿ ಅಲ್ಲೇ ನೆಲದ ಮೇಲೆ ಕೂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪುಟ್ಟಿ ನನ್ನ ತೊಡೆಯಿಂದ ಇಳಿದು ಮತ್ತೆ ಮೇಜಿನ ಬಟ್ಟೆಯ ಕಡೆಗೆ ಹೊರಟಳು.

"ಹೊಸ ಆವೃತ್ತಿ" ಅಂತ ನನ್ನ ಗಂಡ ಭಾವನ ದನಿಯಲ್ಲಿ ಗೊಣಗಿದ, ಅವರು ಸೇರಿಕೊಳ್ಳಲಿ ಅಂತ. ಭಾವ ಸೇರಿಕೊಳ್ಳಲಿಲ್ಲ.

"ತಪ್ಪು ನಂದು" ಅಂದರು. "ಇಷ್ಟ ಇಲ್ಲ ಅಂತ ಎಣಿಸದೇ ಬಿಟ್ಟೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಹಾಗೆ ಮಾಡಿರಲಿಲ್ಲ." ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಟೀ ಕುಡಿಯದೆ ಹೊರಟುಹೋದರು. ತೀರ್ಮಾನದ ಮಾತು ಯಾರೂ ಎತ್ತಲಿಲ್ಲ.

ನಾಲ್ಕನೇ ಭಾನುವಾರ ಅವರ ಕುರ್ಚಿಯನ್ನು ನಾನು ಗೋಡೆಗೆ ಒರಗಿಸಲಿಲ್ಲ, ಒರಗಿಸಲು ಬಿಡಲೂ ಇಲ್ಲ. ಮೂರಕ್ಕೆ ಹತ್ತು ನಿಮಿಷ ಮೊದಲೇ ಬರುವವರು ಮೂರಾದರೂ ಬರಲಿಲ್ಲ. ಮೂರೂಕಾಲಿಗೆ ನಾನು ಬಾಲ್ಕನಿಯಲ್ಲಿ ನಿಂತು, ಎರಡು ಬೀದಿ ಆಚೆ ಒಗೆದ ಬಟ್ಟೆ ಹರವಿದ್ದು ಕಾಣುತ್ತದೋ ಅಂತ ಕತ್ತು ಚಾಚುತ್ತಿದ್ದಾಗ ಲಿಫ್ಟಿನ ಬಾಗಿಲ ಸದ್ದಾಯಿತು.

ಭಾವ. ಕೈಯಲ್ಲಿ ಹಲಗೆ. ಒಂದು ಬದಿಗೆ ಹೊಸ ಪಟ್ಟಿ ಜೋಡಿಸಿ ಸಣ್ಣ ಸಣ್ಣ ಗುಳಿ ಕೊರೆದಿದ್ದರು, ಹನ್ನೊಂದು. ತಳಕ್ಕೆ ಬಳಿದ ಕೆಂಪು ಇನ್ನೂ ವಾಸನೆ ಬಿಡುತ್ತಿತ್ತು.

"ಬಣ್ಣ ಒಣಗಲಿಲ್ಲ, ಅದಕ್ಕೇ ತಡ" ಅಂದರು.

"ಹಾಗಾದ್ರೆ ಆಡ್ತೀಯಾ ಅಣ್ಣ?" ಅಂದ ನನ್ನ ಗಂಡ.

"ಆಡ್ತೀನಿ ಅಂದ್ನಾ? ಗುಳಿ ಕೊರೆದೆ, ಅಷ್ಟೇ." ಆದರೆ ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ನೀಲಿ ದಾಳಗಳನ್ನು ಒಂದೊಂದಾಗಿ ಎಣಿಸಿ ಇಳಿಸಿ, ಕೂತರು.

ನನ್ನ ಗಂಡ ಕಥೆ ಎತ್ತಿಕೊಂಡ. ಮೆಟ್ಟಿಲು ಇಳಿಯುತ್ತದೆ, ತಿರುಗುತ್ತದೆ, ಮುಂದೆ ಗವ್ವೆನ್ನುವ ಕತ್ತಲು. ಹೊಸ ಪುಸ್ತಕದ ಪ್ರಕಾರ ಕತ್ತಲು ಯಾರಿಗೂ ಲೆಕ್ಕವೇ ಅಲ್ಲ. ಎಲ್ಲರೂ ಮಾತ್ರೆ ಅಕ್ಕನ ಮುಖ ನೋಡಿದೆವು. ಆ ಪುಸ್ತಕ ತಂದವಳು ಅವಳು, ಮುಂದೆ ನುಗ್ಗುವವಳೂ ಅವಳೇ.

ಅವಳು ದಾಳ ಮುಟ್ಟಲಿಲ್ಲ. "ನನಗೇನೂ ಕಾಣ್ತಾ ಇಲ್ಲಪ್ಪ" ಅಂದಳು. "ಯಾರಾದ್ರೂ ಮುಂದೆ ದೀಪ ಹಿಡಿದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲೇ ಕೂರ್ತೀನಿ."

"ನನಗೂ ಕಾಣಲ್ಲ" ಅಂದ ಟೈಲರ್.

ಭಾವ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದರು. ಆ ದಪ್ಪ ಪುಸ್ತಕವನ್ನು ಎಳೆದುಕೊಂಡು ಹಾಳೆ ತಿರುವತೊಡಗಿದರು, ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ.

"ಕಂದೀಲಿನ ಎಣ್ಣೆ ಎಷ್ಟು ಹೊತ್ತು ಉರಿಯುತ್ತೆ ಅಂತ ಎಲ್ಲೂ ಬರೆದೇ ಇಲ್ಲ" ಅಂದರು. "ಇದನ್ನೂ ಒಂದು ಪುಸ್ತಕ ಅಂತಾರೆ."

ನಾನು ಟೀ ಇಡಲು ಒಳಗೆ ಹೋದೆ. ಬಲಕ್ಕೆ ಬಿರುಕಿದೆ ಅಂತ ಅವರು ಕೂಗುವುದೂ, ಬಲಕ್ಕೆ ಬಿರುಕು ಅಂತ ಇಬ್ಬರೂ ತಿರುಗಿ ಹೇಳುವುದೂ ಅಡುಗೆಮನೆಗೆ ಕೇಳಿಸಿತು.