ಅಡುಗೆಮನೆ ಬಾಗಿಲ ಹಿಂದಿನ ಗೋಡೆ

ಕಳೆದ ವರ್ಷ ಮೇ ತಿಂಗಳಲ್ಲಿ ನಾನು ಚೆನ್ನೈನ ವೆಸ್ಟ್ ಮಾಂಬಲಂನಲ್ಲಿದ್ದ ಬಾಡಿಗೆ ಮನೆ ಖಾಲಿ ಮಾಡಿದೆ. ಮೂರು ವರ್ಷ ಇದ್ದ ಮನೆ. ಬೀಗದ ಕೈ ಕೊಟ್ಟ ದಿನ ಅಲ್ಲಿ ನಡೆದದ್ದನ್ನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಲು ಹೊರಟಾಗಲೆಲ್ಲ ನನ್ನ ಪರವಾಗಿಯೇ ಹೇಳಿಕೊಂಡುಬಿಡುತ್ತೇನೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಅಂಟಿದ ಚಟ ಅದು. ವಿಷಯದ ಪರವೋ ವಿರೋಧವೋ, ಯಾವ ಚೀಟಿ ಬಂದರೂ ನಾನು ಮಾತಾಡುತ್ತಿದ್ದೆ. ಈಗ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕ್ಲೇಮ್ ಅರ್ಜಿಗಳನ್ನು ಪರಿಶೀಲಿಸುವ ಕೆಲಸ. ಯಾರು ಏನೇ ಬರೆದುಕೊಂಡಿರಲಿ, ಪುರಾವೆ ಎಲ್ಲಿ ಎಂದು ಕೇಳುವುದಕ್ಕೇ ನನಗೆ ಸಂಬಳ.

ಮಂಡ್ಯದಿಂದ ಬಂದ ಹೊಸತರಲ್ಲಿ ಆ ಸಂಬಳ ದೊಡ್ಡದಾಗಿ ಕಂಡಿತ್ತು. ಬಾಡಿಗೆ, ಕುಡಿಯುವ ನೀರಿನ ಕ್ಯಾನು, ಕರೆಂಟ್ ಬಿಲ್ಲು, ಊರಿಗೆ ಕಳಿಸುವುದು ಎಲ್ಲ ಕಳೆದ ಮೇಲೆ ಇಪ್ಪತ್ತನೇ ತಾರೀಕಿನ ನಂತರ ನಾನು ಹೋಟೆಲಿನ ಬೋರ್ಡುಗಳನ್ನು ಓದುತ್ತಾ ನಡೆಯುವವಳಾದೆ. ಸ್ಟೇಷನ್ನಿನಿಂದ ಶೇರ್ ಆಟೋ ಹತ್ತುತ್ತಿರಲಿಲ್ಲ. ಹಾಗೆ ಹತ್ತು, ಇಪ್ಪತ್ತು ಉಳಿಸಿದ್ದನ್ನು ಬೇರೊಂದು ಖಾತೆಗೆ ಹಾಕಿ, ಬ್ಯಾಂಕಿನ ಆ್ಯಪಿನಲ್ಲಿ ಅದಕ್ಕೆ 'ಮುಟ್ಟಬೇಡ' ಎಂದು ಹೆಸರಿಟ್ಟಿದ್ದೆ. ತಿಂಗಳಿಗೆ ಎರಡು ಸಲವಾದರೂ ಮುಟ್ಟುತ್ತಿದ್ದೆ ಎನ್ನುವುದು ಬೇರೆ ಮಾತು. ಅದು ಸೆಕೆಂಡ್ ಹ್ಯಾಂಡ್ ಸ್ಕೂಟರಿಗೆ. ಅಮ್ಮನಿಗೆ ಹೇಳಿರಲಿಲ್ಲ. ಹೇಳಿದ್ದರೆ ಚೆನ್ನೈನ ಲಾರಿಗಳೆಲ್ಲ ಅವಳ ಕನಸಿಗೆ ಬರುತ್ತಿದ್ದವು.

ನಮ್ಮ ಓನರ್ ಮದರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಎಪ್ಪತ್ತು ದಾಟಿತ್ತು. ನಾನು ಮಾಮಾ ಎನ್ನುತ್ತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಮಂಡಿನೋವಿಗೆಂದು ಕೆಳಗಿನ ಪೋರ್ಷನ್ನಿಗೆ ಇಳಿದು, ತಾವಿದ್ದ ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ನನ್ನ ಬಾಡಿಗೆ ಒಂಬತ್ತು ಸಾವಿರ. ಅಣ್ಣಾ ನಗರದಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಹಂಚಿಕೊಂಡರೆ ಆರು ಸಾವಿರಕ್ಕೆ ಮುಗಿಯುತ್ತದೆ ಎಂದು ಗೊತ್ತಾದಾಗ, ಮನೆ ಬಿಡುವುದಾಗಿ ಮಾಮಾಗೆ ತಿಳಿಸಿ ಅಡ್ವಾನ್ಸ್ ಕೇಳಿದೆ.

"ಒಂದು ತಿಂಗಳ ವಾಡಗೆ ಪೆಯಿಂಟಿಂಗ್‌ಗೆ ಹಿಡ್ಕೊಂಡು ಮಿಕ್ಕದ್ದು ಕೊಡ್ತೀನಮ್ಮಾ," ಎಂದರು. "ಇಲ್ಲಿ ಎಲ್ಲಾ ಮನೇಲೂ ಅದೇ ವಳಕ್ಕಂ."

ಅದು ಈ ಊರಿನ ವಾಡಿಕೆ ನಿಜ. ಎಲ್ಲರೂ ಮಾಡುತ್ತಾರೆ ಎನ್ನುವುದು ಸರಿ ಎನ್ನುವುದಕ್ಕೆ ಪುರಾವೆಯಲ್ಲ ಎಂದೆ. ಗೋಡೆ ಮಾಸಿರುತ್ತದಲ್ಲಮ್ಮಾ ಎಂದರು. ಅದಕ್ಕೂ ನನ್ನ ಬಳಿ ಉತ್ತರ ಸಿದ್ಧವಿತ್ತು. ಅಡುಗೆಮನೆ ಬಾಗಿಲನ್ನು ಪೂರ್ತಿ ತೆರೆದಾಗ ಮರೆಯಾಗುವ ಸ್ವಲ್ಪ ಗೋಡೆಯಿತ್ತು. ಅಲ್ಲಿ ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ತಾರೀಕುಗಳನ್ನು ಯಾರೋ ಸಾಲಾಗಿ ಬರೆದಿದ್ದರು. ಕೊನೆಯ ತಾರೀಕು ಹನ್ನೊಂದು ವರ್ಷ ಹಿಂದಿನದು. ಅದರ ಫೋಟೋ ತೆಗೆದುಕೊಂಡೇ ಕೆಳಗೆ ಬಂದಿದ್ದೆ.

"ನನಗಿಂತ ಮುಂಚೆ ಮೂರು ಸಂಸಾರ ಇತ್ತು ಅಂತ ನೀವೇ ಹೇಳಿದ್ದೀರಿ. ಮೂವರ ಹತ್ತಿರವೂ ಬಣ್ಣದ ದುಡ್ಡು ಹಿಡಿದಿದ್ದೀರಿ. ಬಣ್ಣ ಹೊಡೆಸಿದ್ದರೆ ಇದು ಹೇಗೆ ಉಳೀತು ಮಾಮಾ?"

ಅವರು ಫೋನನ್ನು ಕೈಚಾಚಿ ದೂರ ಹಿಡಿದು ತುಂಬಾ ಹೊತ್ತು ನೋಡಿದರು. "ಆ ಜಾಗ ಬೇಡಾಂತ ಪೆಯಿಂಟರ್‌ಗೆ ನಾನೇ ಹೇಳೋದಮ್ಮಾ."

ಹಾಗಿದ್ದರೆ ಅಷ್ಟು ಕಡಿಮೆ ಹಿಡಿಯಬೇಕಿತ್ತು ಎಂದೆ. ಅವರು ನಕ್ಕು, ನೀನು ವಕೀಲಿಗೆ ಓದಬೇಕಿತ್ತು ಎಂದರು. ಯಾಕೆ ಬೇಡ ಅಂದಿರಿ ಎಂದು ನಾನು ಕೇಳಲಿಲ್ಲ. ಎದುರಾಳಿ ತಾನಾಗಿ ಒಪ್ಪಿಕೊಂಡದ್ದಕ್ಕೆ ಯಾರೂ ಕಾರಣ ಕೇಳುವುದಿಲ್ಲ, ಮುಂದಿನ ಅಂಶಕ್ಕೆ ಹೋಗುತ್ತಾರೆ. ನನ್ನ ಮುಂದಿನ ಅಂಶ, ನಾನೇ ಬಣ್ಣ ಹೊಡೆದುಕೊಟ್ಟರೆ ಒಂದು ರೂಪಾಯಿಯನ್ನೂ ಹಿಡಿಯಬಾರದು ಎನ್ನುವುದು.

"ಸರಿ, ನಿನ್ನ ಇಷ್ಟ," ಎಂದರು. ನಾನು ಮೆಟ್ಟಿಲು ಹತ್ತುತ್ತಿದ್ದಾಗ ಹಿಂದಿನಿಂದ ಕೂಗಿ ಹೇಳಿದರು, "ಆ ಬಾಗಿಲ ಹಿಂದೆ ಮಾತ್ರ ಹಾಗೇ ಬಿಟ್ಟುಬಿಡಮ್ಮಾ."

ಅದರಲ್ಲಿ ನನಗೆ ಬಲೆ ಕಂಡಿತು. ಒಂದು ಮೂಲೆ ಬಿಡಿಸಿ, ಆಮೇಲೆ ಕೆಲಸ ಪೂರ್ತಿಯಾಗಿಲ್ಲ ಎಂದು ಒಂಬತ್ತು ಸಾವಿರ ಹಿಡಿದುಕೊಂಡರೆ? ಬಿಡು ಎಂದದ್ದಕ್ಕೆ ಬರಹದಲ್ಲಿ ಏನಿದೆ? ಇಂಥ ಅರ್ಜಿಗಳನ್ನು ದಿನಾ ನೋಡುವವಳಿಗೆ ಇಷ್ಟು ತಿಳಿಯದೇ ಎಂದುಕೊಂಡೆ.

ಒಂದು ಶನಿವಾರ, ಭಾನುವಾರ ಕೂತು ಬಣ್ಣ ಹೊಡೆದೆ. ಬಣ್ಣ, ರೋಲರ್, ಗೋಡೆ ಉಜ್ಜುವ ಉಪ್ಪುಕಾಗದ ಎಲ್ಲ ಸೇರಿ ಎರಡೂವರೆ ಸಾವಿರವಾಯಿತು. ಮೊದಲು ಹಿಡಿದದ್ದೇ ಬಾಗಿಲ ಹಿಂದಿನ ಗೋಡೆಯನ್ನು. ಪೆನ್ಸಿಲ್ ಗುರುತು ಮೇಲೆದ್ದು ಕಾಣದಿರಲೆಂದು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ, ಎರಡು ಕೋಟ್ ಬಳಿದೆ. ಭಾನುವಾರ ಸಂಜೆ ತಲೆಗೂದಲೆಲ್ಲ ಬಣ್ಣ ಮಾಡಿಕೊಂಡು ನಿಂತು ನೋಡಿದಾಗ, ದುಡಿದು ಉಳಿಸಿದ ಆರೂವರೆ ಸಾವಿರ ಗೋಡೆಯ ಮೇಲೆ ಹೊಳೆಯುತ್ತಿರುವಂತೆ ಅನಿಸಿತು.

ಮರುದಿನ ಬೆಳಿಗ್ಗೆ ಮಾಮಾ ಮೇಲೆ ಬಂದರು. ಮೂರು ಮೆಟ್ಟಿಲಿಗೊಮ್ಮೆ ನಿಂತು, ಕಂಬಿ ಹಿಡಿದು ಹತ್ತಿದರು. ಹಾಲ್ ನೋಡಿ, ಪೆಯಿಂಟರಿಗಿಂತ ನೀನೇ ವಾಸಿ ಎಂದರು. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲನ್ನು ಎಳೆದರು.

"ನೋಡಿ ಮಾಮಾ, ಒಂದು ಇಂಚೂ ಬಿಟ್ಟಿಲ್ಲ," ಎಂದೆ.

ಅವರು ಗೋಡೆಯ ಮೇಲೆ ಅಂಗೈ ಇಟ್ಟರು. ಹೆಬ್ಬೆರಳಿನಿಂದ ಒಂದೇ ಜಾಗವನ್ನು ಮೆಲ್ಲಗೆ ಉಜ್ಜಿದರು. ಬೆರಳಿಗೆ ಬಿಳಿ ಹತ್ತಿತು, ಅಷ್ಟೇ.

"ಇಂದಿರಾ ಬರೆದದ್ದಮ್ಮಾ ಅದು," ಎಂದರು.

ಇಂದಿರಾ ಅವರ ಹೆಂಡತಿ. ಕೆಳಗಿನ ಮನೆಯಲ್ಲಿ ಹಾರ ಹಾಕಿದ ಫೋಟೋವನ್ನು ಬಾಡಿಗೆ ಕೊಡಲು ಹೋದಾಗಲೆಲ್ಲ ನೋಡಿದ್ದೆ. ಹನ್ನೊಂದು ವರ್ಷ ಹಿಂದೆ ಹೋದರೆಂದೂ ಕೇಳಿದ್ದೆ. ಗೋಡೆಯ ಮೇಲಿನ ಕೊನೆಯ ತಾರೀಕು ಕೂಡ ಹನ್ನೊಂದು ವರ್ಷ ಹಿಂದಿನದೇ. ಎರಡನ್ನೂ ಜೋಡಿಸಲು ತರ್ಕ ಕಲಿತಿರಬೇಕಾಗಿರಲಿಲ್ಲ.

ನನ್ನ ಫೋನಿನಲ್ಲಿ ಆ ಚಿತ್ರ ಇನ್ನೂ ಇದೆಯೇ ಎಂದು ಕೇಳಿದರು. ತೆಗೆದು ತೋರಿಸಿದೆ. "ಓದಿ ಹೇಳು. ನಂಗೆ ಕನ್ನಡ ಮಾತಾಡಕ್ಕೆ ಮಾತ್ರ ಬರೋದು. ಸ್ಕೂಲಲ್ಲಿ ತಮಿಳು ತಾನೇ. ಅವಳು ನಂಜನಗೂಡಲ್ಲಿ ಓದಿದವಳು. ಸಿಲಿಂಡರ್ ತಾರೀಕು ಅಂತಿದ್ದಳು."

ಓದಿದೆ. ತಾರೀಕುಗಳ ಪಕ್ಕದಲ್ಲಿ ಸಣ್ಣ ಸಣ್ಣ ಮಾತುಗಳಿದ್ದವು. 'ಐವತ್ತೆರಡು ದಿನ ಬಂತು.' 'ಹಬ್ಬ, ಬೇಗ ಮುಗೀತು.' 'ಇವರ ಅಕ್ಕ ಬಂದಿದ್ದರು, ಮೂವತ್ತೇ ದಿನ.' ಅದಕ್ಕೆ ಮಾಮಾ ನಕ್ಕುಬಿಟ್ಟರು. ಅವರು ನಕ್ಕದ್ದು ನೋಡಿ ನನಗೂ ಧೈರ್ಯ ಬಂದು, ಕೊನೆಯ ತಾರೀಕಿನ ಕೆಳಗಿದ್ದುದನ್ನೂ ಅದೇ ವೇಗದಲ್ಲಿ ಓದಿಬಿಟ್ಟೆ.

"ಬೇಳೆ ಡಬ್ಬದಲ್ಲಿ ಇಟ್ಟದ್ದು ಇವರಿಗೆ ಹೇಳಬಾರದು. ಪೂರ್ತಿ ಆದಮೇಲೆ..."

ಫೋಟೋ ಅಲ್ಲಿಗೆ ಮುಗಿದಿತ್ತು. ತಾರೀಕು ದೊಡ್ಡದಾಗಿ ಕಾಣಲೆಂದು ಹತ್ತಿರದಿಂದ ತೆಗೆದಿದ್ದೆ. ಕೆಳಗಿನ ಸಾಲು ಚೌಕಟ್ಟಿನ ಹೊರಗೆ ಉಳಿದಿತ್ತು.

ಮಾಮಾ ಅಡುಗೆಕಟ್ಟೆಗೆ ಒರಗಿದರು. ಬೇಳೆ ಡಬ್ಬದಲ್ಲಿ ದುಡ್ಡು ಇತ್ತಂತೆ. ಅವಳು ಹೋದ ಮೇಲೆ ಸಿಕ್ಕಿತಂತೆ. ಮನೆಖರ್ಚಿನದೆಂದುಕೊಂಡು ಕರ್ಮಾಂತರದ ಖರ್ಚಿಗೆ ಹಾಕಿದರಂತೆ. ಅಷ್ಟು ಹೇಳಿ ನನ್ನ ಕಡೆ ತಿರುಗಿದರು.

"ಆದಮೇಲೆ ಏನು? ಏನು ಮಾಡಬೇಕೂಂತ ಇದ್ದಳು?"

"ಫೋಟೋದಲ್ಲಿ ಇಷ್ಟೇ ಇದೆ ಮಾಮಾ."

"ನೀ ಗೋಡೆ ನೋಡಿದ್ದೀಯಲ್ಲಮ್ಮಾ. ಓದಿರ್ತೀಯ."

ಏನಾದರೂ ಹೇಳಬಹುದಿತ್ತು. ನಿಮಗೊಂದು ವಾಚ್ ಎನ್ನಬಹುದಿತ್ತು, ಇಬ್ಬರೂ ಉಡುಪಿಗೆ ಹೋಗಿಬರಬೇಕಂತೆ ಎನ್ನಬಹುದಿತ್ತು. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹಾಗೆ ಹೇಳುವುದಕ್ಕೆ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಪ್ಪುಗಳೇ ಬಂದಿವೆ.

"ಓದಲಿಲ್ಲ ಮಾಮಾ. ತಾರೀಕು ಮಾತ್ರ ನೋಡಿದೆ."

ಅವರು ಬಾಗಿಲನ್ನು ಮತ್ತೆ ಗೋಡೆಗೆ ತಳ್ಳಿದರು. "ಹೋಗಲಿ ಬಿಡು. ನಂಗೆ ಹೇಳಬಾರದು ಅಂತ ತಾನೇ ಬರೆದಿರೋದು," ಎಂದರು.

ಆಮೇಲೆ ಶರ್ಟಿನ ಜೇಬಿನಿಂದ ಕವರು ತೆಗೆದು ಕೊಟ್ಟರು. ಅದರಲ್ಲಿ ಪೂರ್ತಿ ಅಡ್ವಾನ್ಸ್ ಇತ್ತು. ಮೇಲೆ ಹತ್ತುವ ಮೊದಲೇ, ಗೋಡೆ ನೋಡುವ ಮೊದಲೇ, ಪೂರ್ತಿ ಕೊಡುವುದೆಂದು ತೀರ್ಮಾನಿಸಿಕೊಂಡು ತಂದಿದ್ದರು. ಒಂಬತ್ತು ಸಾವಿರ ತೆಗೆದುಕೊಳ್ಳಿ ಎಂದು ಬಲವಂತ ಮಾಡಿದೆ. ಅವರು ಕೈ ಹಿಂದೆ ಕಟ್ಟಿಕೊಂಡರು.

"ನೀ ಹೇಳಿದ್ದು ಸರಿ ತಾನೇ. ಬಣ್ಣ ನೀನೇ ಹೊಡೆದಿದ್ದೀಯ," ಎಂದರು. ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಆ ಅರ್ಧ ಫೋಟೋವನ್ನು ಅವರ ಫೋನಿಗೆ ಕಳಿಸಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಸ್ಕೂಟರ್ ಕೊಂಡು ಆರು ತಿಂಗಳಾಯಿತು. ಆ ಒಂಬತ್ತು ಸಾವಿರವನ್ನು ಅದಕ್ಕೆ ಹಾಕಲಿಲ್ಲ. ಅದು 'ಮುಟ್ಟಬೇಡ'ದಲ್ಲೇ ಇದೆ, ಈ ಸಲ ನಿಜವಾಗಿಯೂ ಮುಟ್ಟಿಲ್ಲ. ಅಮ್ಮನಿಗೆ ಮಾತ್ರ ಸ್ಕೂಟರಿನ ವಿಷಯ ಕೊಳ್ಳುವ ಮೊದಲೇ ಫೋನ್ ಮಾಡಿ ಹೇಳಿದೆ. ಯಾಕೆ ಅಷ್ಟು ಅವಸರ ಎಂದು ಅವಳಿಗೆ ಅರ್ಥವಾಗಲಿಲ್ಲ.

ನನ್ನ ವಾದದಲ್ಲಿ ತಪ್ಪೆಲ್ಲಿದೆ ಎಂದು ಈಗಲೂ ಹುಡುಕುತ್ತೇನೆ. ವಾಡಿಕೆ ಅನ್ಯಾಯದ್ದೇ, ಲೆಕ್ಕ ಸರಿಯೇ, ಒಪ್ಪಂದವೂ ಸರಿಯೇ. ಆದರೆ ಆ ಬಾಗಿಲ ಹಿಂದೆ ನಾನು ಪೊರಕೆ ಇಡುತ್ತಿದ್ದೆ. ಮೂರು ವರ್ಷ, ದಿನಾ ಬೆಳಿಗ್ಗೆ, ಪೊರಕೆ ತೆಗೆಯಲು ಬಗ್ಗಿದಾಗ ಆ ಕೊನೆಯ ಸಾಲು ನನ್ನ ಕಣ್ಣೆದುರಿಗೇ ಇರುತ್ತಿತ್ತು. ಆ ಇಡೀ ಮನೆಯಲ್ಲಿ ಅದನ್ನು ಓದಲು ಬರುತ್ತಿದ್ದವಳು ನಾನೊಬ್ಬಳೇ.